ಎದುರುಮನೆಯ ಗಿಣ್ಣಿನ ಬೋಸಿ

ನಮ್ಮ ಚಿಕ್ಕವ್ವನ ಮನೆಯಲ್ಲಿ ಒಂದು ಕಟ್ಟುನಿಟ್ಟು. ಯಾರ ಮನೆಯಿಂದಲಾದರೂ ಏನಾದರೂ ಬಂತೆಂದರೆ ಆ ಪಾತ್ರೆ ಬರಿದಾಗಿ ವಾಪಸ್ಸು ಹೋಗಕೂಡದು. ಬಸ್ಸಾರು ಬಂದ ಬೋಸಿಯಲ್ಲಿ ಒಂದು ಹಿಡಿ ಅವರೆಕಾಳು ಹೋಗಬೇಕು, ಮಜ್ಜಿಗೆ ಬಂದ ಪಾತ್ರೆಯಲ್ಲಿ ನಾಲ್ಕು ಬದನೆಕಾಯಿ. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಬಿದ್ದಿರಬೇಕು. ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿದ್ದುಕೊಂಡು. ಒಂದು ಸಲ ಎದುರುಮನೆಯ ಬೋಸಿಯನ್ನು ತೊಳೆದು ಹಾಗೇ ಕೊಡಲು ಹೊರಟಿದ್ದೆ. ಚಿಕ್ಕವ್ವ ಬೀದಿಗೇ ಓಡಿ ಬಂದು ಜಡೆ ಹಿಡಿದು ಒಳಗೆಳೆದುಕೊಂಡಳು.

"ಬರೀ ಬೋಸಿ ಕೊಟ್ರೆ ಏನರ್ಥ ಗೊತ್ತೇನವ್ವ? ಇನ್ ಮ್ಯಾಕೆ ನಮ್ಮಟ್ಟಿಗೆ ಬರಬ್ಯಾಡ ಅಂದಂಗೆ" ಅಂದಳು.

ಚಿಕ್ಕವ್ವನೆಂದರೆ ನಮ್ಮವ್ವನ ತಂಗಿ. ಊರು ಕೆ.ಆರ್.ಪೇಟೆ ತಾಲ್ಲೂಕು, ಮಾಕವಳ್ಳಿಯ ಕಡೆ. ಅವಳಿಗೆ ಒಬ್ಬನೇ ಮಗ. ನಾನು ಸೊಂಟದ ಮೇಲೆ ಹೊತ್ತು ತಿರುಗಿದ ಹುಡುಗ, ಮುಂದೆ ದೊಡ್ಡ ನಗರವೊಂದರ ಪೊಲೀಸ್ ಕಮಿಷನರ್ ಆದ. ಆಮೇಲೆ ಲಂಚದ ಕೇಸಿನಲ್ಲಿ ಜೈಲಿಗೂ ಹೋದ. ಎರಡನ್ನೂ ನಾನು ಪಾಂಡವಪುರದ ನನ್ನ ಮನೆಯ ಟೀವಿಯಲ್ಲೇ ನೋಡಿದೆ. ಅಧಿಕಾರ ವಹಿಸಿಕೊಂಡ ದಿನ ಹೂವಿನ ಬುಕ್ಕೆಯ ಹಿಂದೆ ಅವನ ಮುಖವೇ ಕಾಣುತ್ತಿರಲಿಲ್ಲ. ಹಿಡಿದುಕೊಂಡು ಹೋದ ದಿನ ಅವನೇ ಕರವಸ್ತ್ರ ಅಡ್ಡ ಹಿಡಿದುಕೊಂಡಿದ್ದ.

ನಾನು ಮೇಷ್ಟ್ರಾಗಿದ್ದವಳು, ರಿಟೈರಾದ ಮೇಲೂ ಊರಿಗೆಲ್ಲ ಟೀಚರ್ರೇ. ಮಾರನೇ ದಿನ ಸೊಪ್ಪು ತರಲು ಹೋದರೆ ಸೊಪ್ಪಿನವಳಿಂದ ಹಿಡಿದು ಹಾಲಿನ ಡೇರಿಯವನವರೆಗೂ ಅದೇ ಮಾತು. "ಯಾರೋ ಸಿಗಾಕ್ಸವ್ರೆ ಟೀಚರ್ರೆ, ನಮ್ಮೋರು ಮ್ಯಾಕೆ ಬಂದ್ರೆ ಆಗಕಿಲ್ಲ ಅವ್ರಿಗೆ" ಅಂದ ಡೇರಿಯವನು. ಯಾರವರು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಟೀವಿಯಲ್ಲಿ ಅಷ್ಟು ಹೊತ್ತು ತೋರಿಸಿದ್ದಾರೆ, ಒಬ್ಬ ಬಿಲ್ಡರು ಕೊಟ್ಟ ಮನೆ, ಆ ಮನೆಯ ಬಾಗಿಲಿನ ಹಿತ್ತಾಳೆಯ ಹಿಡಿ ಸಮೇತ. ಇವರಿಗೆ ಕಂಡದ್ದು ಪಿತೂರಿ ಮಾತ್ರ. ಆದರೂ ಮನೆಗೆ ಬಂದು ಸೊಪ್ಪು ಬಿಡಿಸುತ್ತಾ ಕೂತಾಗ, ಇವರು ಹೇಳಿದ್ದೇ ನಿಜವಾಗಿರಬಾರದೇ ಅಂತ ನನಗೂ ಅನ್ನಿಸಿತು. ಹೊತ್ತು ಬೆಳೆಸಿದ ಜೀವ ನೋಡಿ.

ಚಿಕ್ಕವ್ವ ಮಾತ್ರ ಟೀವಿ ಆರಿಸಲು ಬಿಡಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಜಗಲಿಯ ತುಂಬ ಜನ. ಸಾವಿನ ಮನೆಗೆ ಬಂದವರ ಹಾಗೆ ಕೂತುಕೊಂಡು, ಆ ಪಾರ್ಟಿ ಈ ಪಾರ್ಟಿ ಎಂದು ಬಿಡಿಸಿ ಹೇಳುತ್ತಿದ್ದರು. ಚಿಕ್ಕವ್ವ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ನನ್ನನ್ನು ಒಳಗೆ ಕರೆದು ಒಂದು ಮಾತು ಕೇಳಿದಳು. "ಆ ಎಂಗ್ಸನ್ನ ನೋಡ್ದಾ ಟೀವೀಲಿ? ಕೆಂಪು ಸೀರೆ ಉಟ್ಕಂಡಿದ್ಲಲ್ಲ."

ನೋಡಿದ್ದೆ. ನಗರದ ಅಂಚಿನಲ್ಲಿ ಆ ಹೆಂಗಸಿಗೆ ಒಂದು ಸೈಟು, ಅದರಲ್ಲೊಂದು ಶೀಟಿನ ಮನೆ. ಬಿಲ್ಡರಿನ ಆಳುಗಳು ಮನೆಯನ್ನು ಬೀಳಿಸಿದ್ದಾರೆ. ಅವಳು ದೂರು ಬರೆಸಿಕೊಂಡು ಠಾಣೆಯಿಂದ ಠಾಣೆಗೆ ಅಲೆದಿದ್ದಾಳೆ, ಯಾರೂ ತೆಗೆದುಕೊಂಡಿಲ್ಲ. ಮೇಲಿನಿಂದ ಹೇಳಿದ್ದಾರೆ ಅಂದರಂತೆ. ಮೇಲೆ ಇದ್ದವನು ನಮ್ಮ ಹುಡುಗ.

"ಅವ್ನು ಇಸ್ಕಂಡ್ನೋ ಇಲ್ವೋ, ಅವ್ನೇ ಬಂದು ನನ್ ಮುಂದೆ ನಿಂತ್ಕಂಡು ಯೋಳ್ಬೇಕು" ಅಂದಳು ಚಿಕ್ಕವ್ವ. "ಅಲ್ಲೀಗಂಟ ನಿಮ್ ಚಿಕ್ಕಪ್ಪುಂಗೆ ಎಡೆ ಇಕ್ಕಕಿಲ್ಲ. ಎಡೆ ಇಕ್ಕೋ ಕಯ್ಯಿ ಎಂತದು ಅಂತ ನಂಗೆ ಗೊತ್ತಾಗ್ಬೇಕು ಕಣವ್ವ."

ನಮ್ಮ ಕಡೆ ಮಾರ್ನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡದಿದ್ದರೆ ಅವರು ಹಸಿದುಕೊಂಡು ಹೋಗುತ್ತಾರೆಂಬ ನಂಬಿಕೆ. ಚಿಕ್ಕಪ್ಪ ಸತ್ತ ಮೇಲೆ, ಮಗ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ, ಆ ಒಂದು ದಿನ ಬಂದು ತನ್ನ ಕೈಯಿಂದಲೇ ಎಡೆ ಇಟ್ಟು ಹೋಗುತ್ತಿದ್ದ. ಅದೊಂದನ್ನು ಅವನು ತಪ್ಪಿಸಿದವನಲ್ಲ. ಈಗ ಗಂಡನನ್ನು ಹಸಿದಿರಿಸುತ್ತೇನೆ ಎಂದು ಈ ಮುದುಕಿ ಹೇಳುತ್ತಿದ್ದಾಳೆ. ಹೇಳಿದರೆ ಮಾಡುವವಳೇ. ನನಗೆ ಭಯವಾಯಿತು.

ಈ ಇಸ್ಕೊಳ್ಳುವ ಮಾತಿಗೆ ಆ ಮನೆಯಲ್ಲಿ ಒಂದು ಹಿಂದಿನ ಕಥೆಯಿದೆ.

ಹುಡುಗ ಆಗಷ್ಟೇ ಆಫೀಸರಾಗಿ ಬಯಲುಸೀಮೆಯ ಒಂದು ಊರಿಗೆ ಹೋಗಿದ್ದ. ನಾಗಮಂಗಲದ ಕಡೆ ಹೊಣಕೆರೆಯಲ್ಲಿ ಚಿಕ್ಕಪ್ಪನ ಜೊತೆಗಾರರೊಬ್ಬರಿದ್ದರು. ಜೊತೆಗಾರನ ಮಗ ಪೊಲೀಸು ಸಾಹೇಬನಾಗಿದ್ದಾನಲ್ಲ, ನೋಡಿಕೊಂಡು ಬರೋಣ ಎಂದು ಅವರು ಆಲೆಮನೆಯ ಹೊಸ ಬೆಲ್ಲವನ್ನು ಬೋಸಿಯಲ್ಲಿಟ್ಟು, ಮೇಲೆ ಬಟ್ಟೆ ಕಟ್ಟಿಕೊಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ ಹೋದರು. ಕೇಳುವುದು ಏನೂ ಇರಲಿಲ್ಲ. ಬೆಲ್ಲ ಕೊಟ್ಟು ಬೆನ್ನು ತಟ್ಟಿ ಬರುವುದಷ್ಟೇ. ನಮ್ಮ ಹುಡುಗ ಕುರ್ಚಿ ಕೊಟ್ಟ, ಕಾಫಿ ಕೊಟ್ಟ, ಬೆಲ್ಲ ಮಾತ್ರ ಬೇಡ ಅಂದ. ಆಫೀಸಿನಲ್ಲಿ ನಾನು ಏನೂ ತಗೊಳ್ಳಲ್ಲ ಮಾವ ಅಂದನಂತೆ. ಅವರು ಅದೇ ಬೋಸಿ ಹೊತ್ತುಕೊಂಡು ನೇರ ಚಿಕ್ಕವ್ವನ ಮನೆಗೆ ಬಂದು ಜಗಲಿಯ ಮೇಲೆ ಕುಕ್ಕಿದರು.

"ನಿನ್ ಮಗ ದೊಡ್ಡೋನಾಗ್ಬುಟ್ಟ ಕಣವ್ವ. ನಮ್ ಬೆಲ್ಲ ಅವ್ನಿಗೆ ಕಹಿಯಾಗೈತೆ."

ಚಿಕ್ಕವ್ವನಿಗೆ ಮುಖದ ಮೇಲೆ ಹೊಡೆದಂತಾಯಿತು. ಹಬ್ಬಕ್ಕೆ ಮಗ ಬಂದಾಗ ಅವನಿಗೆ ಸರಿಯಾಗಿ ಊಟವನ್ನೂ ಬಡಿಸಲಿಲ್ಲ. ತಂದಿದ್ದನ್ನು ಹಿಂದಕ್ಕೆ ಕಳಿಸುವ ಬುದ್ಧಿ ಯಾವ ಸ್ಕೂಲಲ್ಲಿ ಕಲಿಸಿದರು ಎಂದು ಬೈದಳು. ನಾನು ಟೀಚರಾದ್ದರಿಂದ ಅದರಲ್ಲಿ ಅರ್ಧ ನನಗೂ ಬಿತ್ತು. ಚಿಕ್ಕಪ್ಪ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದವರು ಮಗನ ಕಡೆ ಮಾತಾಡಿದರು.

"ಬುಡೇ. ಅವ್ನು ಮಾಡಿದ್ದು ಸರಿಯಾಗೈತೆ. ನೀನೂ ಒಂದ್ ದಪ ಬರೀ ಬೋಸಿ ಕೊಟ್ಟು ನೋಡು, ಊರೇನೂ ಮುಳುಗೋಗಕಿಲ್ಲ."

"ನೀನ್ ಸುಮ್ಕಿರು" ಅಂದಳು ಚಿಕ್ಕವ್ವ. ಮಾರನೇ ದಿನ ಮಗನನ್ನು ಹೊಣಕೆರೆಗೆ ಕರೆದುಕೊಂಡು ಹೋಗಿ, ಆ ಮಾವನ ಮನೆಯಲ್ಲಿ ಉಣ್ಣಿಸಿ, ಬೆಲ್ಲದ ಅಚ್ಚನ್ನು ಅವನ ಎರಡೂ ಕೈಗೆ ಕೊಡಿಸಿಕೊಂಡು ಬಂದಳು. ಆ ಮಾವ ಅತ್ತರಂತೆ. ಎಲ್ಲರಿಗೂ ಸಮಾಧಾನವಾಯಿತು.

ಅಲ್ಲಿಂದಾಚೆ ಅವನು ಯಾರದ್ದನ್ನೂ ಬೇಡ ಅನ್ನಲಿಲ್ಲ. ಬಡ್ತಿ ಸಿಕ್ಕಿ ನಗರದ ದೊಡ್ಡ ಬಂಗಲೆಗೆ ಹೋದ ಮೇಲಂತೂ ನಮ್ಮ ಕಡೆಯವರು ತುಪ್ಪ, ಹುರುಳಿಕಾಳು, ನಾಟಿಕೋಳಿ, ಎಳನೀರು ಹೊತ್ತುಕೊಂಡು ಗೇಟಿನ ಮುಂದೆ ನಿಲ್ಲುವರು. ಅವನು ಒಳಗೆ ಕರೆದು ಕೂರಿಸಿ, ಏನಾಗಬೇಕಿತ್ತು ಅಂತ ಕೇಳುವನು. ಒಬ್ಬನಿಗೆ ನಾಗಮಂಗಲದ ಠಾಣೆಯಲ್ಲಿ ಹಿಡಿದಿಟ್ಟ ಟ್ರಾಕ್ಟರು ಬಿಡಿಸಬೇಕು. ಇನ್ನೊಬ್ಬನ ಬಾಮೈದ ಜಗಳದಲ್ಲಿ ಯಾರದೋ ತಲೆ ಒಡೆದಿದ್ದಾನೆ, ಹೆಸರು ತೆಗೆಸಬೇಕು. ಅವನು ಫೋನು ಎತ್ತಿ ಒಂದು ಮಾತು ಆಡುವನು, ಕೆಲಸ ಆಗುವುದು. ಹೊತ್ತುಕೊಂಡು ಹೋದ ಪಾತ್ರೆ ಬರಿದಾಗಿ ವಾಪಸ್ಸು ಬರಲಿಲ್ಲ ಎಂದು ಊರೆಲ್ಲ ಹಿಗ್ಗಿತು. ಊರಬಾಗಿಲಲ್ಲಿ ಅವನ ಫ್ಲೆಕ್ಸು ಬಿತ್ತು, ಮೀಸೆಯ ಕೆಳಗೆ ನಮ್ಮೂರ ಹುಲಿ ಅಂತ. ತಲೆ ಒಡೆಸಿಕೊಂಡವನು ಯಾರು, ಅವನಿಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಊರಿನವರಿಗೆ ತಿಳಿದ ದಾರಿ ದೊಡ್ಡವರಿಗೆ ತಿಳಿಯದೇ ಇರುತ್ತದೆಯೇ. ಅವರೂ ಬಂದರು. ಅವರ ಬೋಸಿ ದೊಡ್ಡದು, ಅಷ್ಟೇ. ಹೀಗೆ ಒಂದು ಗೆರೆ ಎಳೆದು, ಬೆಲ್ಲದಿಂದ ಬಿಲ್ಡರಿನ ಮನೆಗೆ ತಂದು ನಿಲ್ಲಿಸಿಬಿಡುವುದು ನನಗೆ ಸುಲಭ. ಆದರೆ ಎಷ್ಟು ಸಲ ಯೋಚಿಸಿದರೂ ಆ ಗೆರೆಯ ಮೇಲೆ ನನಗೆ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ಬೆಲ್ಲ ಇಸ್ಕೊಂಡವರೆಲ್ಲ ಮನೆ ಬೀಳಿಸಿದವರ ಪಕ್ಕ ನಿಲ್ಲುತ್ತಾರೆಯೇ? ನನ್ನ ಶಿಷ್ಯರು ತಂದ ಸೀಬೆಹಣ್ಣನ್ನು ನಾನೂ ತಿಂದಿದ್ದೇನೆ, ಅದಕ್ಕಾಗಿ ಯಾರಿಗೂ ಒಂದು ಮಾರ್ಕು ಜಾಸ್ತಿ ಹಾಕಿದವಳಲ್ಲ. ನಡುವೆ ಎಲ್ಲೋ ಅವನೇ ಒಂದು ತೀರ್ಮಾನ ಮಾಡಿರಬೇಕು. ಅದು ಯಾವತ್ತು, ಯಾವ ಕುರ್ಚಿಯಲ್ಲಿ ಕೂತಿದ್ದಾಗ, ನನಗೆ ಗೊತ್ತಿಲ್ಲ.

ಬೇಲು ಸಿಕ್ಕಿದ್ದು ಮಾರ್ನಮಿ ಹತ್ತಿರ ಬಂದಾಗ. ಹೆಂಡತಿ ತವರಿಗೆ ಹೋಗಿದ್ದಳು. ಅವನು ಶ್ರೀರಂಗಪಟ್ಟಣದಲ್ಲಿ ಗೆಳೆಯನೊಬ್ಬನ ಖಾಲಿ ಮನೆಯಲ್ಲಿ ಇದ್ದಾನೆಂದು ತಿಳಿಯಿತು. ಅಮಾವಾಸ್ಯೆಯ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದೆ. ಮನೆಯಲ್ಲಿ ಇರಲಿಲ್ಲ. ಹೊಳೆಯ ಕಡೆ ಹೋದರು ಅಂದರು ಪಕ್ಕದ ಮನೆಯವರು. ಮೆಟ್ಟಿಲ ತುಂಬ ತರ್ಪಣ ಬಿಡುವವರು, ಆ ಗದ್ದಲದಲ್ಲಿ ಟೋಪಿ ಹಾಕಿಕೊಂಡು, ಗಡ್ಡ ಬಿಟ್ಟುಕೊಂಡು, ಒಂದು ಮೂಲೆಯಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅಷ್ಟು ಎತ್ತರದ ಆಳು ಇಷ್ಟೇ ಇಷ್ಟು ಕಾಣುತ್ತಿದ್ದ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ಅವನ ತೋಳು ಹಿಡಿದುಕೊಂಡೆ.

"ಇಲ್ಲೇ ಪಿಂಡ ಬಿಡಿಸಿಬಿಡ್ತೀನಿ ಅಕ್ಕ. ಊರಿಗೆ ಬರಲ್ಲ" ಅಂದ.

"ನಿಮ್ಮಪ್ಪ ಪಿಂಡ ತಿನ್ನೋನಲ್ಲ ಕಣ್ಲಾ. ಮುದ್ದೆ, ಕೋಳಿಸಾರು ತಿನ್ನೋನು. ಅದೂ ನಿಮ್ಮವ್ವ ಮಾಡಿದ್ರೆ ಮಾತ್ರ."

ಅವನಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡ. ಚಿಕ್ಕವ್ವ ಹೇಳಿದ್ದನ್ನು ಹೇಳಿದೆ. ನೀನು ಬಂದು ಹೇಳುವ ತನಕ ಅವಳು ಒಲೆ ಹಚ್ಚುವುದಿಲ್ಲ ಅಂದೆ. ಅವನು ಹೊಳೆಯ ಕಡೆ ತಿರುಗಿದ.

"ಲಾಯರು ಯಾರ ಹತ್ರಾನೂ ಏನೂ ಬಾಯಿ ಬಿಡಬೇಡಿ ಅಂದಿದ್ದಾರೆ ಅಕ್ಕ. ಮನೆಯವರ ಹತ್ರಾನೂ."

"ಹಂಗಾದ್ರೆ ಲಾಯರ್ರನ್ನೇ ಕರ್ಕೊಂಡು ಬಾ. ನಿಮ್ಮವ್ವ ಅವರನ್ನೂ ಕೇಳ್ತಾಳೆ."

ಕಾರು ತರಿಸುತ್ತೇನೆ ಅಂದ. ಬೇಡ, ಬಸ್ಸಿನಲ್ಲೇ ಬಾ ಅಂದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೆ.ಆರ್.ಪೇಟೆಯ ಬಸ್ಸು ಹತ್ತಿದೆವು. ಮುಂದಿನ ಸೀಟಿನವನು ಮೊಬೈಲಿನಲ್ಲಿ ಜೋರಾಗಿ ಯಾವುದೋ ಹಾಸ್ಯ ನೋಡುತ್ತಿದ್ದ, ಯಾರೂ ಇವನ ಕಡೆ ತಿರುಗಲಿಲ್ಲ. ಗುರುತು ಹಿಡಿದಾರೆಂದು ಟೋಪಿ ಎಳೆದುಕೊಂಡೇ ಕೂತಿದ್ದವನು, ಯಾರೂ ಹಿಡಿಯದೇ ಇದ್ದಾಗ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪೇಟೆಯಿಂದ ಆಟೋ ಮಾಡಿಕೊಂಡು ಊರು ಸೇರಿದೆವು. ಊರಬಾಗಿಲಲ್ಲಿ ಫ್ಲೆಕ್ಸಿನ ಬೊಂಬು ಮಾತ್ರ ಇತ್ತು. ಫ್ಲೆಕ್ಸು ಎದುರುಮನೆಯವರ ಸೌದೆಯ ಮೇಲಿತ್ತು, ಮಳೆಗೆ ನೆನೆಯದಂತೆ ಹೊದಿಸಿದ್ದರು. ಚಿತ್ರ ತಲೆಕೆಳಗಾಗಿ, ಮೀಸೆ ಮೇಲೆ, ಪೊಲೀಸ್ ಟೋಪಿ ಕೆಳಗೆ. ಅವನು ಒಂದು ಗಳಿಗೆ ನಿಂತು ನೋಡಿದ. ನಾನು ಬಾ ಎಂದು ಕೈ ಹಿಡಿದೆ.

ಚಿಕ್ಕವ್ವ ಜಗಲಿಯ ಮೇಲೆ ಕೂತಿದ್ದಳು. ಕೋಳಿ ಕೊಯ್ಸಿ, ಖಾರ ರುಬ್ಬಿ, ರಾಗಿಹಿಟ್ಟು ಜರಡಿ ಹಿಡಿದು, ಎಲ್ಲವನ್ನೂ ಸಿದ್ಧ ಮಾಡಿಟ್ಟಿದ್ದಳು. ಒಲೆಯಲ್ಲಿ ಮಾತ್ರ ಬೆಂಕಿ ಇರಲಿಲ್ಲ. ಯಾರೇ ಬಂದರೂ ಆ ಮನೆಯಲ್ಲಿ ಮೊದಲು ಕಾಲಿಗೆ ನೀರು ಕೊಡುವುದು. ಅವಳು ಎದ್ದು ನೀರು ತರಲಿಲ್ಲ. ಮಗ ಅಂಗಳದಲ್ಲೇ ನಿಂತ.

"ಇಸ್ಕಂಡ್ಯಾ?" ಅಂದಳು.

"ಅವ್ವ, ಕೇಸು ಕೋರ್ಟಲ್ಲಿದೆ..."

"ನಾನ್ ಕೋರ್ಟ್‌ನ ಕೇಳ್ನಿಲ್ಲ ಕಣ್ಲಾ, ನಿನ್ನ ಕೇಳ್ದೆ."

ನನಗೋ, ಇಲ್ಲ ಅಂದುಬಿಡಲಿ ಎಂದು ಒಂದು ಮನಸ್ಸು, ಸುಳ್ಳು ಹೇಳಬೇಡವೋ ಎಂದು ಇನ್ನೊಂದು. ಅವನು ತಲೆ ಎತ್ತಿ ಅವ್ವನ ಮುಖ ನೋಡಿದ. ಅಷ್ಟು ವರ್ಷದ ಪಟ್ಟಣದ ಮಾತು ಅವನ ಬಾಯಿಂದ ಬಿದ್ದುಹೋಯಿತು.

"ಊಂ ಕಣವ್ವ. ಇಸ್ಕಂಡೆ."

ಚಿಕ್ಕವ್ವ ಕಣ್ಣು ಮುಚ್ಚಿದಳು. ಆ ಮಾತು ಹೇಳಿದ್ದೇ ತಡ, ಅವನಿಗೆ ಕಟ್ಟೆ ಒಡೆದ ಹಾಗಾಯಿತು. ಒಂದೇ ಸಮ ಹೇಳತೊಡಗಿದ. ಮೊದಲು ಬ್ಯಾಡ ಅಂತಾನೇ ಇದ್ದೆ, ಎಲ್ಲರೂ ತರೋರು, ಬ್ಯಾಡ ಅಂದ್ರೆ ಮುನಿಸ್ಕೊಳ್ಳೋರು. "ನೀನೇ ಹೇಳಿದ್ದಲ್ಲವ್ವ, ತಂದಿದ್ದನ್ನ ಹಿಂದಕ್ಕೆ ಕಳಿಸಬಾರದು ಅಂತ. ಹೊಣಕೆರೆ ಮಾವನ ಬೆಲ್ಲ ವಾಪಸ್ ಕಳಿಸಿದಾಗ ನಂಗೆ ಅನ್ನ ಹಾಕ್ನಿಲ್ಲ ನೀನು."

ಇಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಚಿಕ್ಕವ್ವ ಕಣ್ಣು ಬಿಟ್ಟಳು. ಅವಳ ದನಿ ಏರಲಿಲ್ಲ.

"ಬೆಲ್ಲ ಇಸ್ಕೋ ಅಂದೆ. ಮನೆ ಇಸ್ಕೋ ಅಂದ್ನೇನ್ಲಾ? ಬೆಲ್ಲಕ್ಕೆ ಬದಲು ಅವರೆಕಾಳು ಕೊಡು ಅಂತ ಕಲಿಸ್ದೆ. ಯಾರ್ದೋ ಮನೆ ಬೀಳ್ಸಿ ಕೊಡು ಅಂದ್ನಾ?"

ಅವನು ಟೋಪಿಯನ್ನು ಮುದುರಿ ಹಿಡಿದುಕೊಂಡ.

"ಎಲ್ಲಾರ್ದೂ ಇಸ್ಕಂಡೆ. ಆ ಕೆಂಪು ಸೀರೆಯವ್ಳು ಒಂದು ಕಾಗ್ದ ಹಿಡ್ಕಂಡು ಬಂದ್ಲಲ್ಲ, ಅದನ್ಯಾಕ್ಲಾ ಇಸ್ಕನ್ನಿಲ್ಲ? ಅವ್ಳು ಬರಿಗಯ್ಯಲ್ಲಿ ಬಂದ್ಲು ಅಂತವಾ?"

ಅವನು ಬಿಸಿಲಿನಲ್ಲಿ ಅಂಗಳದ ನಡುವೆ ನಿಂತು ಚಿಕ್ಕ ಹುಡುಗನ ಹಾಗೆ ಅಳತೊಡಗಿದ. ಚಿಕ್ಕವ್ವ ಅಳುವುದಕ್ಕೆ ಬಿಟ್ಟಳು. ಸಮಾಧಾನ ಮಾಡಲಿಲ್ಲ, ಸಾಕು ಅನ್ನಲೂ ಇಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು, ಒಳಗಿನಿಂದ ನೀರು ತಂದು ಅವನ ಕಾಲ ಹತ್ತಿರ ಇಟ್ಟಳು. ನನ್ನ ಕಡೆ ತಿರುಗಿ "ಒಲೆ ಹಚ್ಚವ್ವ" ಅಂದಳು.

ಅಡುಗೆಯಾಯಿತು. ಎಲೆ ಹಾಸಿ, ಚಿಕ್ಕಪ್ಪನ ಫೋಟೋದ ಮುಂದೆ ಹೊಸ ಪಂಚೆ, ಒಂದು ಕಟ್ಟು ಬೀಡಿ ಇಟ್ಟೆವು. ಎಡೆ ಇಡಲು ಬಂದವನು ಸಾರಿನ ಸೌಟು ಹಿಡಿದು ಹಿಂದೆ ಮುಂದೆ ನೋಡಿದ. "ನೀನೇ ಇಕ್ಕವ್ವ" ಅಂದ.

"ನೀನೇ ಇಕ್ಕು. ಅದೇ ಕಯ್ಯಲ್ಲೇ ಇಕ್ಕು. ನಿಮ್ಮಪ್ಪುಂಗೂ ಗೊತ್ತಾಗ್ಲಿ" ಅಂದಳು ಚಿಕ್ಕವ್ವ. ಅವನು ಇಟ್ಟ. ಸಾರು ಎಲೆಯಾಚೆ ಸ್ವಲ್ಪ ಚೆಲ್ಲಿತು.

ಬಾಗಿಲು ಮುಚ್ಚಿ, ಹಿರಿಯರು ಉಣ್ಣಲೆಂದು ನಾವು ಹೊರಗೆ ಜಗಲಿಯ ಮೇಲೆ ಕೂತಿದ್ದೆವು. ಆಗ ಬಂದಳು ಎದುರುಮನೆಯವಳು. ಹಿಂದಿನ ದಿನ ಅವರ ಹಸು ಕರು ಹಾಕಿತ್ತು, ಮೊದಲ ಹಾಲು ಕಾಯಿಸಿ ಗಿಣ್ಣು ಮಾಡಿ, ಸ್ಟೀಲಿನ ಬೋಸಿಯಲ್ಲಿ ತಂದಿದ್ದಳು. ಏಲಕ್ಕಿಯ ವಾಸನೆ ಬೀದಿಯುದ್ದಕ್ಕೂ ಬರುತ್ತಿತ್ತು. ಚೆನ್ನಾಗಿದ್ದೀಯಾ ಮಗಾ ಎಂದು ಇವನ ತಲೆ ಸವರಿದಳು. ಆ ಅಕ್ಕರೆ ಸುಳ್ಳಲ್ಲ. ಚಿಕ್ಕಂದಿನಲ್ಲಿ ಅವಳ ಮನೆಯಲ್ಲೂ ಉಂಡು ಬೆಳೆದವನೇ.

"ಊರೋರು ಏನಾರ ಅಂದ್ಕಳ್ಳಲಿ, ನೀನು ನಮ್ ಹುಲಿನೇ" ಅಂದಳು. ಬೋಸಿಯನ್ನು ಅವನ ಕೈಗೇ ಕೊಡಲು ಹೋದಳು. "ನಮ್ ಮೊಮ್ಮಗ ಬೈಕಲ್ಲಿ ಯಾರ್ಗೋ ಗುದ್‌ಬುಟ್ಟವ್ನೆ ಕಣಪ್ಪ. ಆ ಯಪ್ಪ ಆಸ್ಪತ್ರೇಲವ್ನೆ. ಟೇಸನ್ನೋರ್ಗೆ ನೀನೊಂದ್ ಮಾತು ಯೋಳ್ಬುಡು. ಕೆಲ್ಸ ಓದ್ರೇನು, ನಿನ್ ಮಾತು ಓಯ್ತದಾ?"

ಜೈಲಿಗೆ ಹೋಗಿ ಬಂದವನನ್ನು ಹೀಗೆ ಕೇಳುವವರು ನಮ್ಮ ಕಡೆ ಬಿಟ್ಟರೆ ಎಲ್ಲಿ ಸಿಕ್ಕಾರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಇವನ ಕೈಗಳು ಅಭ್ಯಾಸದಿಂದ ಅರ್ಧ ಮೇಲೆದ್ದು ಅಲ್ಲೇ ನಿಂತವು. ಬೇಕು ಅನ್ನಲಾರ, ಬೇಡ ಅನ್ನಲಾರ. ಅವ್ವನ ಮುಖ ನೋಡಿದ.

ಚಿಕ್ಕವ್ವ ಎದ್ದು ಬೋಸಿಯನ್ನು ತಾನೇ ಇಸ್ಕೊಂಡಳು. ಹಿತ್ತಲ ಕಡೆಯಿಂದ ಅಡುಗೆಮನೆಗೆ ಹೋಗಿ ಗಿಣ್ಣನ್ನು ನಮ್ಮ ಪಾತ್ರೆಗೆ ಬಗ್ಗಿಸಿದಳು. ಬೋಸಿ ತೊಳೆಯುವ ಸದ್ದು ಕೇಳಿಸಿತು. ಅವರೆಕಾಳಿನ ಡಬ್ಬ ತೆಗೆಯುವ ಸದ್ದಿಗೆ ಕಾದೆ, ಬರಲಿಲ್ಲ. ಹೊರಗೆ ಬಂದವಳು ಸೆರಗಿನಿಂದ ಬೋಸಿಯ ಒಳಗು ಹೊರಗು ಒರೆಸುತ್ತಾ ನಿಂತಳು, ಒಣಗಿದ ಮೇಲೂ ಒರೆಸಿದಳು. ಆಮೇಲೆ ಅದನ್ನು ಎದುರುಮನೆಯವಳ ಎರಡೂ ಕೈಗೆ ಇಟ್ಟಳು.

ಎದುರುಮನೆಯವಳು ಬೋಸಿಯೊಳಗೆ ನೋಡಿದಳು, ಚಿಕ್ಕವ್ವನ ಮುಖ ನೋಡಿದಳು. "ಯಾಕಕ್ಕ, ಬರೀದು?" ಅಂದಳು. ಅವಳ ದನಿಯೇ ಸಣ್ಣದಾಗಿತ್ತು.

"ಊಂ ಕಣವ್ವ, ಬರೀದೇ. ಆಸ್ಪತ್ರೇಲಿ ಅವ್ನಲ್ಲ, ಅವನ್ನ ಓಗಿ ನೋಡ್ಕಂಡ್ ಬಾ."

ಅವಳು ಬೋಸಿಯನ್ನು ಎದೆಗವಚಿಕೊಂಡು ಬೀದಿ ದಾಟಿದಳು. ಸೌದೆಯ ಹತ್ತಿರ ಒಮ್ಮೆ ನಿಂತು ತಿರುಗಿ ನೋಡಿ ಒಳಗೆ ಹೋದಳು. ಒಂದು ಜನ್ಮಕ್ಕಾಗುವಷ್ಟು ಬಸ್ಸಾರು, ಮಜ್ಜಿಗೆ, ಅವರೆಕಾಳು ಆ ಬೀದಿ ದಾಟಿದ್ದನ್ನು ನಾನೇ ನೋಡಿದ್ದೇನೆ. ಚಿಕ್ಕವ್ವ ಜಗಲಿಯ ಕಂಬ ಹಿಡಿದುಕೊಂಡಳು. ಮಗ ಹಿಡಿದುಕೊಳ್ಳಲು ಬಂದ, ಬೇಡ ಎಂದು ಕೈ ಸರಿಸಿ, ಮುಚ್ಚಿದ್ದ ಬಾಗಿಲನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು. ಎಡೆಯ ಮುಂದೆ ಕುಸಿದು ಕೂತು, ಗಂಡನ ಫೋಟೋ ನೋಡುತ್ತಾ ಹೇಳಿದಳು.

"ಕೊಟ್‌ಬುಟ್ಟೆ ಕಣಯ್ಯ. ಬರೀ ಬೋಸಿ ಕೊಟ್‌ಬುಟ್ಟೆ."